ಡಿಫಾಲ್ಟ್ ಎಂಬ ನಂಬಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪಹಣಿ ನೋಡಿಕೊಳ್ಳುವ ತಂತ್ರಾಂಶವೊಂದನ್ನು ಪರೀಕ್ಷಿಸಬೇಕು ಎಂದಿಟ್ಟುಕೊಳ್ಳಿ. ರೈತರ ಅಸಲಿ ದಾಖಲೆ ಮುಟ್ಟುವಂತಿಲ್ಲ. ಇಲ್ಲದ ತೋಟ, ಇಲ್ಲದ ಮಾಲೀಕ, ಇಲ್ಲದ ಸರ್ವೆ ನಂಬರ್ ಹುಟ್ಟಿಸಬೇಕು. ರೂಬಿಯ ಫ್ಯಾಕ್ಟರಿ ಬಾಟ್, ಪೈಥಾನಿನ ಫ್ಯಾಕ್ಟರಿ ಬಾಯ್ ಇರುವುದೇ ಇದಕ್ಕೆ. ಪರೀಕ್ಷೆ ಬರೆಯುವವರು ತಮಗೆ ಬೇಕಾದ ಒಂದೆರಡು ಸಂಗತಿ ಹೇಳಿದರೆ ಸಾಕು, ಉಳಿದದ್ದನ್ನು ಲೈಬ್ರರಿ ತುಂಬಿಕೊಳ್ಳುತ್ತದೆ; ಹೀಗೆ ತುಂಬಿಕೊಂಡದ್ದೇ ಡಿಫಾಲ್ಟ್. ಎಲ್ಲಿಂದ ತುಂಬಿಕೊಳ್ಳುತ್ತದೆ? ವಸ್ತುವಿಗೂ ಅದರ ಗುಣಕ್ಕೂ ಏನು ಸಂಬಂಧ ಎಂಬ ಹಳೆಯ ಪ್ರಶ್ನೆ ಇಲ್ಲಿ ಅಡಗಿದೆ.

ಮೌಲ್ಯವನ್ನೇ ಮೊದಲು ಬರೆದಿಡಬಹುದು, ಇಲ್ಲವೇ ಮೌಲ್ಯ ಹುಟ್ಟುವ ನಿಯಮ ಬರೆದಿಡಬಹುದು. ಫ್ಯಾಕ್ಟರಿ ಬಾಟ್‌ನಲ್ಲಿ ಹಿಂದೆ ಎರಡಕ್ಕೂ ಜಾಗವಿತ್ತು. ನೋಂದಣಿ ಸಮಯ ‘ಈಗ’ ಎಂದು ನೇರವಾಗಿ ಬರೆದರೆ, ಫೈಲು ಓದಿದ ಗಳಿಗೆಯೇ ಆ ‘ಈಗ’ ಆಗಿಬಿಡುತ್ತಿತ್ತು; ಆಮೇಲೆ ಹುಟ್ಟಿದ ದಾಖಲೆಗಳಿಗೆಲ್ಲ ಅದೇ ಸಮಯ. 2019ರ 5ನೇ ಆವೃತ್ತಿಯಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು. ಈಗ ಗುಣಗಳನ್ನೆಲ್ಲ ಬ್ಲಾಕಿನೊಳಗೆ ಬರೆಯಬೇಕು. ವಸ್ತು ಹುಟ್ಟುವಾಗ, ಬೇಕಿದ್ದರೆ ಅದರ ಇತರ ಗುಣಗಳನ್ನು ಕೇಳಿಕೊಂಡು, ಅವು ನಿರ್ಧಾರವಾಗುತ್ತವೆ.

ಈ ಬದಲಾವಣೆ ಸರಿ ಎನ್ನಲು, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಮಲೆನಾಡಿನ ಸೊಪ್ಪಿನಬೆಟ್ಟವೇ ಸಾಕ್ಷಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಬೆಟ್ಟದ ಸವಲತ್ತನ್ನು ಉಳಿಸಿಕೊಟ್ಟಿದೆ. ಅದು ಬಿಡಿಯಾಗಿ ನಿಲ್ಲುವ ಸೊತ್ತಲ್ಲ, ಅಡಿಕೆ ತೋಟದ ಬೆನ್ನಿಗಿರುವ ಹಕ್ಕು. ಬೆಟ್ಟದ ದಾಖಲೆ ಹುಟ್ಟಿಸುವ ಫ್ಯಾಕ್ಟರಿಯಲ್ಲಿ ಒಬ್ಬರ ಹೆಸರು ಬರೆದಿಟ್ಟರೆ, ಪರೀಕ್ಷೆ ತೋಟಕ್ಕೆ ಬೇರೆ ಮಾಲೀಕರನ್ನು ಕೊಟ್ಟರೂ ಬೆಟ್ಟ ಆ ಹಳೆಯ ಹೆಸರಿನಲ್ಲೇ ಹುಟ್ಟುತ್ತದೆ. ‘ತೋಟದ ಮಾಲೀಕರು ಯಾರೋ ಅವರು’ ಎಂದು ಬರೆದರೆ ತೋಟದ ಮಾಲೀಕರ ಹೆಸರಿನಲ್ಲೇ ಹುಟ್ಟುತ್ತದೆ. ಗುಣ ದ್ರವ್ಯವನ್ನು ಆಶ್ರಯಿಸಿರುತ್ತದೆ ಎಂದರು ವೈಶೇಷಿಕ ದರ್ಶನದವರು. ಯಾವುದಕ್ಕೂ ಸ್ವಂತ ಸ್ವಭಾವವಿಲ್ಲ, ಎಲ್ಲವೂ ಇನ್ನೊಂದನ್ನು ಅವಲಂಬಿಸಿ ಹುಟ್ಟುತ್ತದೆ ಎಂದ ಬೌದ್ಧ ದಾರ್ಶನಿಕ ನಾಗಾರ್ಜುನ. ಬೆಟ್ಟದ ಮಟ್ಟಿಗೆ ನಾನು ನಾಗಾರ್ಜುನನ ಕಡೆ.

ಹಾಗೆಂದು ನಿಯಮಗಳೆಲ್ಲ ನಿರಪಾಯವಲ್ಲ. ‘ಸಾಗುವಳಿದಾರ ಎಂದರೆ ಮಾಲೀಕನೇ’ ಎಂಬ ಒಂದು ಸಾಲು ನೋಡಿ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಈ ಸಾಲು ಸುಳ್ಳಾಗಿದ್ದ ಕಾರಣಕ್ಕೆ. ಅದನ್ನು ನಿಜ ಮಾಡಹೊರಟದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ. ಇವತ್ತಿಗೂ ಅದು ಪೂರ್ತಿ ನಿಜವಲ್ಲ: 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡವರಲ್ಲಿ ಎಷ್ಟೋ ಕುಟುಂಬಗಳು ಉಳುತ್ತಿರುವ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯ. ಡಿಫಾಲ್ಟನ್ನೇ ನಂಬಿದ ಸಾವಿರ ಪರೀಕ್ಷೆ ಹಸಿರು ತೋರಿಸಿದರೂ ಅವುಗಳೊಳಗೆ ಒಬ್ಬ ಮುಳುಗಡೆ ಸಂತ್ರಸ್ತನೂ ಇರುವುದಿಲ್ಲ.

‘ಅದಕ್ಕೇ ಎಲ್ಲವನ್ನೂ ಕಣ್ಣಿಗೆ ಕಾಣುವಂತೆ ಫಿಕ್ಸ್ಚರ್ ಎಂಬ ಸಿದ್ಧ ದಾಖಲೆಗಳ ಫೈಲಿನಲ್ಲಿ ಬರೆದಿಡಿ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಒಂದು ತೋಟ ಕೇಳಿದರೆ ಗ್ರಾಮ, ಹೋಬಳಿ, ತಾಲ್ಲೂಕು ಎಲ್ಲವನ್ನೂ ತೆರೆಮರೆಯಲ್ಲಿ ಹುಟ್ಟಿಸುವ ಫ್ಯಾಕ್ಟರಿ ಏನನ್ನು ಊಹಿಸಿತೆಂದು ತಿಳಿಯುವುದೇ ಕಷ್ಟ. ಆದರೆ ಫೈಲಿನಲ್ಲಿ ಬರೆಯುವವರೂ ತಮಗೆ ಸಾಮಾನ್ಯವೆಂದು ಕಂಡದ್ದನ್ನೇ ಬರೆಯುತ್ತಾರೆ. ಊಹೆ ಅಲ್ಲಿಯೂ ತಪ್ಪಲಿಲ್ಲ, ಸಾಲುಸಾಲಾಗಿ ಹರಡಿತು ಅಷ್ಟೆ. ನಿಯಮವಾದರೆ ಒಂದೇ ಕಡೆ ಇರುತ್ತದೆ, ಪ್ರಶ್ನಿಸಲು ಕೈಗೆ ಸಿಗುತ್ತದೆ.

ಡಿಫಾಲ್ಟನ್ನು ಓವರ್‌ರೈಡ್ ಮಾಡಲು ಅವಕಾಶವಿದೆ ಎಂದಷ್ಟಕ್ಕೆ ಹೊಣೆ ಮುಗಿಯುವುದಿಲ್ಲ. ಯಾರೂ ಬಳಸದ ಅವಕಾಶ ಇದ್ದೂ ಇಲ್ಲದಂತೆ. ಆದ್ದರಿಂದ ‘ಮಾಲೀಕನೇ ಸಾಗುವಳಿದಾರ’ ಎಂದು ಬರೆದವರೇ, ಮಾಲೀಕನ ಕಾಲಂನಲ್ಲಿ ಸರ್ಕಾರವಿದ್ದು ನೆಲದಲ್ಲಿ ಬೇರೊಬ್ಬರ ಬೆಳೆಯಿರುವ ಪರೀಕ್ಷೆಯೊಂದನ್ನೂ ಬರೆಯಬೇಕು.