ಮಗುವಿನ ಪರವಾಗಿ ಆಡಿದ ಮಾತು

ದಾವಣಗೆರೆಯಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಕ್ರೈಸ್ತರು, ಸಾತ್ವಿಕರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ವರ್ಷದ ಮಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಚರ್ಚಿನ ಬಾಗಿಲಲ್ಲಿ ಇಳಿಸುತ್ತಾರೆ. ಮಗ ಧರ್ಮೋಪದೇಶದ ತರಗತಿಗೆ ಹೋಗುತ್ತಾನೆ. ತಂದೆ ಬೆಣ್ಣೆದೋಸೆಯ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಪಾಠ ಮುಗಿಯುವ ಹೊತ್ತಿಗೆ ಇಲ್ಲಿ ದೋಸೆಯೂ ಪತ್ರಿಕೆಯೂ ಮುಗಿದಿರುತ್ತವೆ. ಈ ಏರ್ಪಾಡು ಬಹುಕಾಲ ಸುಸೂತ್ರವಾಗಿ ನಡೆಯಿತು. ಒಂದು ದಿನ ಹುಡುಗ ಕೇಳಿದ: “ಅಪ್ಪಾ, ನಾನು ದೊಡ್ಡೋನಾದ ಮೇಲೆ ಚರ್ಚಿಗೆ ಹೋಗೋದು ಬೇಡ, ದೋಸೆಗೇ ಹೋಗಬಹುದು, ಅಲ್ವಾ?”

ಮಿತ್ರರು ಇದನ್ನು ನಗುತ್ತಲೇ ಹೇಳಿದರು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಹುಡುಗನ ತರ್ಕದಲ್ಲಿ ದೋಷವಿಲ್ಲ. ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಗಣಿತಕ್ಕೊಬ್ಬರು, ಇಂಗ್ಲಿಷಿಗೊಬ್ಬರು ಮೇಷ್ಟ್ರನ್ನು ಗೊತ್ತುಮಾಡುವುದು ನಮಗೆ ಅಭ್ಯಾಸವಾಗಿದೆ. ಅದೇ ಸಾಲಿನಲ್ಲಿ ದೇವರಿಗೂ ಒಬ್ಬರು ಇರಲಿ ಎಂದರೆ ಆಶ್ಚರ್ಯವೇನು? ತಂದೆಗೆ ಬೀಜಗಣಿತ ಬಾರದಿದ್ದರೂ ಮಗ ಅದರಲ್ಲಿ ಪಂಡಿತನಾಗಬಹುದು. ಭಕ್ತಿಯ ವಿಷಯ ಹಾಗಲ್ಲ. ಪರಲೋಕ ಮಂತ್ರವನ್ನು ಸಿಸ್ಟರ್ ಬಾಯಿಪಾಠ ಮಾಡಿಸಬಲ್ಲರು. ಆ ಮಾತುಗಳಿಗೆ ಏನಾದರೂ ತೂಕವಿದೆಯೆ ಎಂಬುದನ್ನು ಮಗು ಮನೆಯಲ್ಲಿ ನೋಡಿ ತಿಳಿಯುತ್ತದೆ. ಅಪ್ಪ ಅಂಗಡಿಯವನೊಡನೆ ಲೆಕ್ಕ ಮಾಡುವ ರೀತಿ, ಅಮ್ಮ ಕೆಲಸದವಳೊಡನೆ ಮಾತಾಡುವ ದನಿ, ಜಗಳವಾದ ಮೇಲೆ ಯಾರು ಮೊದಲು ಸೋಲುತ್ತಾರೆಂಬುದು, ಎಲ್ಲವೂ ಅದರ ಕಣ್ಣಿಗೆ ಬೀಳುತ್ತದೆ. ಇವನ್ನು ಯಾರೂ ಪಾಠವೆಂದು ಕಲಿಸುವುದಿಲ್ಲ.

ಕ್ರೈಸ್ತ ಪರಂಪರೆಗೆ ಇದು ತಿಳಿಯದ ಸಂಗತಿಯೇನಲ್ಲ. ತಿಮೊಥೆಯನ ನಂಬಿಕೆಯ ಮೂಲವನ್ನು ಹೇಳುವಾಗ ಸಂತ ಪೌಲನು ಯಾವ ಗುರುವನ್ನೂ ಹೆಸರಿಸದೆ, ಅಜ್ಜಿ ಲೋವಿಯನ್ನೂ ತಾಯಿ ಯೂನೀಕೆಯನ್ನೂ ನೆನೆದ. ಮಾರ್ಟಿನ್ ಲೂಥರ್ ೧೫೨೯ರಲ್ಲಿ ತನ್ನ ಕಿರು ಪ್ರಶ್ನೋತ್ತರವನ್ನು ಬರೆದಾಗ, ಮನೆಯ ಯಜಮಾನ ಅದನ್ನು ತನ್ನವರಿಗೆ ಹೇಳಿಕೊಡಲಿ ಎಂದೇ ಬರೆದ. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೪ರಲ್ಲಿ ಸಂಸಾರವನ್ನೇ ಒಂದು ಮನೆಯ ಧರ್ಮಸಭೆಯೆಂದು ಕಂಡಿತು. ಮರುವರ್ಷ, ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಯರೇ ಎಂದು ಸಾರಿತು. ಹಾಗಾದರೆ ಭಾನುವಾರದ ಶಾಲೆ ಎಲ್ಲಿಂದ ಬಂತು? ಅದಕ್ಕೆ ಹೆಸರು ತಂದವನು ಇಂಗ್ಲೆಂಡಿನ ಗ್ಲಾಸ್ಟರಿನ ರಾಬರ್ಟ್ ರೇಕ್ಸ್, ಒಬ್ಬ ಪತ್ರಿಕೆಯವನು. ೧೭೮೦ರಲ್ಲಿ ಅವನು ಸೇರಿಸಿದ್ದು ವಾರದ ಆರು ದಿನ ದುಡಿದು ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳನ್ನು. ಅವರಿಗೆ ಅಕ್ಷರ ಕಲಿಸುವವರು ಮನೆಯಲ್ಲಿ ಇರಲಿಲ್ಲ. ಗತಿಯಿಲ್ಲದವರಿಗೆಂದು ಹುಟ್ಟಿದ ಅನುಕೂಲವನ್ನು ಗತಿಯುಳ್ಳವರೂ ಅಭ್ಯಾಸ ಮಾಡಿಕೊಂಡರು.

ಆದರೆ ಎಲ್ಲರನ್ನೂ ದೋಸೆಯ ಹೋಟೆಲಿನಲ್ಲಿ ಕೂರಿಸುವುದು ನ್ಯಾಯವಲ್ಲ. ಹದಿನಾಲ್ಕು ಕಿಲೋಮೀಟರಿನಾಚೆ ಹರಿಹರವಿದೆ. ೧೯೪೧ರಲ್ಲಿ ಅಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಬಂತು, ಅದು ಮುಚ್ಚಿಹೋಗಿದೆ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಬೇರೆ ಕಾರ್ಖಾನೆಯಿದೆ. ಪಾಳಿಯ ಕೆಲಸದ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ಎಲ್ಲರೂ ಒಟ್ಟಿಗೆ ಸಿಗುವುದೇ ಕಷ್ಟ. ತಂದೆ ಬರುವಾಗ ಮಗು ಮಲಗಿರುತ್ತದೆ, ಮಗು ಏಳುವಾಗ ತಂದೆ ಮಲಗಿರುತ್ತಾನೆ. ಇಂಥವರಿಗೆ ಪೀಠದ ಮೇಲಿಂದ “ಮನೆಗಳಲ್ಲಿ ಪ್ರಾರ್ಥನೆ ನಿಂತುಹೋಗಿದೆ” ಎಂದು ಗದರಿಸುವುದು ಸುಲಭ. ಆ ಮನೆಗೆ ಹೋಗಿ, ದಿನದಲ್ಲಿ ಹತ್ತು ನಿಮಿಷ ಎಲ್ಲಿ ಸಿಗಬಹುದೆಂದು ಜೊತೆಗೆ ಕೂತು ಹುಡುಕುವುದು ಕಷ್ಟ. ಚರ್ಚು ತಂದೆತಾಯಿಗಳ ಜೊತೆಗಾರನಾಗುವುದೆಂದರೆ ಈ ಎರಡನೆಯದೇ ಎಂದು ನನ್ನ ಎಣಿಕೆ. ಮನೆಗೂ ಒಂದು ಹಾಜರಿ ಪುಸ್ತಕ ಕಳಿಸುವುದಂತೂ ಖಂಡಿತ ಅಲ್ಲ.

ಸೆಪ್ಟೆಂಬರ್ ೮ರಂದು ಹರಿಹರದ ಆರೋಗ್ಯಮಾತೆಯ ಹಬ್ಬ. ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಆ ಜಂಗುಳಿಯಲ್ಲಿ ತಂದೆಯ ಹೆಗಲೇರಿ ಕೂತ ಮಗು, ತನಗಿಂತ ದೊಡ್ಡವನಾದ ಅಪ್ಪನೂ ಯಾರ ಮುಂದೆಯೋ ತಲೆಬಾಗುವುದನ್ನು ಕಾಣುತ್ತದೆ. ವರ್ಷವಿಡೀ ಓದಿದ ಪ್ರಶ್ನೋತ್ತರಕ್ಕಿಂತ ಆ ನೋಟ ಹೆಚ್ಚು ದಿನ ಉಳಿದೀತು.

ಇನ್ನೊಂದು ಭಯವನ್ನೂ ಹೇಳಬೇಕು. ಚರ್ಚೂ ಮನೆಯೂ ಒಂದಾದರೆ ನಡುವೆ ಸಿಕ್ಕ ಮಗುವಿನ ಗತಿಯೇನು? ಎರಡು ಕಡೆಯಿಂದಲೂ ಒತ್ತಿದರೆ ಅದು ಬಾಗಿದಂತೆ ಕಾಣುತ್ತದೆ, ಅಷ್ಟೆ. ದೀಕ್ಷಾಸ್ನಾನದಲ್ಲಿ ಹಸುಗೂಸಿನ ಪರವಾಗಿ ಹಿರಿಯರು ಉತ್ತರ ಕೊಡುತ್ತಾರೆ. ದೃಢೀಕರಣದಲ್ಲಿ ಅದೇ ಮಾತನ್ನು ಬೆಳೆದವನು ತಾನೇ ಆಡಬೇಕು. ಆಡಲಾರೆನೆಂದರೆ?

ಸಂತ ಮೋನಿಕಾ ಈ ಸಂಕಟವನ್ನು ಉಂಡವಳು. ಮಗ ಅಗಸ್ಟೀನ್ ಮಾನಿಯ ಪಂಥಕ್ಕೆ ಸೇರಿದಾಗ, ಅವನೊಡನೆ ವಾದಿಸಿ ತಿದ್ದಿರೆಂದು ಒಬ್ಬ ಬಿಷಪ್ಪರನ್ನು ಗೋಗರೆದಳು. ಬಿಷಪ್ಪರು ಒಪ್ಪಲಿಲ್ಲ. ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಸುಮ್ಮನೆ ಬಿಡು, ಪ್ರಾರ್ಥಿಸು ಎಂದರು. ಎಳವೆಯಲ್ಲಿ ಆ ಪಂಥದಲ್ಲೇ ಬೆಳೆದು, ಓದಿ ಓದಿ ತಾವೇ ಹೊರಬಂದವರು ಅವರು. ಅಗಸ್ಟೀನ್ ದೀಕ್ಷೆ ಪಡೆದದ್ದು ವರ್ಷಗಳ ಮೇಲೆ, ೩೮೭ರಲ್ಲಿ, ಮಿಲಾನಿನಲ್ಲಿ. ಅಂದು ಆ ಬಿಷಪ್ಪರು ತಾಯಿಯ ಪಕ್ಷ ಹಿಡಿದು ಹುಡುಗನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೋ! ಕೆಲವೊಮ್ಮೆ ತಾಯಿಗೆ ನೆರವಾಗುವುದೆಂದರೆ ಅವಳು ಕೇಳಿದ್ದನ್ನು ಮಾಡದಿರುವುದು.

ಇದನ್ನೆಲ್ಲ ಮಿತ್ರರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೇ ಅಷ್ಟು ನಂಬಿಕೆ ಉಳಿದಿಲ್ಲವಲ್ಲ ಸ್ವಾಮಿ, ಇಲ್ಲದ್ದನ್ನು ಇದೆ ಅಂತ ಮಗನ ಮುಂದೆ ನಟಿಸಲೇ?” ಎಂದರು. ನಟಿಸಬೇಡಿ, ಹಾಗೆಂದು ಗುರುಗಳಿಗೇ ಹೇಳಿ ಎಂದೆ. ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ. ಈಚೆಗೆ ಭಾನುವಾರ ಆ ದಾರಿಯಲ್ಲಿ ಹೋಗುವಾಗ ಕಂಡೆ: ಚರ್ಚಿನ ಆವರಣದ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಒಳಗೆ ಪಾಠ ನಡೆಯುತ್ತಿತ್ತು. ಪಾಠ ಮುಗಿದ ಮೇಲೆ ತಂದೆ ಮಗ ಇಬ್ಬರೂ ದೋಸೆಗೆ ಹೋಗುತ್ತಾರಂತೆ.