ತುಳಿತದ ಫಲ ಯಾರ ಕೈಯಲ್ಲಿ?

ಸೈಕಲ್ಲಿಗೆ ಚೈನು ಬಂದ ಬೆನ್ನಿಗೇ ಅದನ್ನು ಕಿತ್ತುಹಾಕುವ ಆಸೆಯೂ ಬಂತು. ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ರೋಲರ್ ಚೈನಿಗೆ ಪೇಟೆಂಟ್ ಪಡೆದದ್ದು 1880ರಲ್ಲಿ. ಜಾನ್ ಕೆಂಪ್ ಸ್ಟಾರ್ಲಿಯ ರೋವರ್, ಇವತ್ತಿನ ಸೈಕಲ್ಲುಗಳ ಮೂಲರೂಪ, ಹೊರಬಂದದ್ದು 1885ರಲ್ಲಿ. 1898ರ ಹೊತ್ತಿಗೆ ಅಮೆರಿಕದ ಪೋಪ್ ಕಂಪನಿ ಚೈನಿಲ್ಲದ ಕೊಲಂಬಿಯಾ ಸೈಕಲ್ಲನ್ನು 125 ಡಾಲರಿಗೆ ಮಾರುತ್ತಿತ್ತು. ಪೆಡಲಿನ ಬಳಿ ಒಂದು ಜೊತೆ ಹಲ್ಲುಚಕ್ರ, ಹಿಂಚಕ್ರದ ಬಳಿ ಇನ್ನೊಂದು ಜೊತೆ, ನಡುವೆ ಒಂದು ದಂಡ. ಬಟ್ಟೆಗೆ ಗ್ರೀಸು ಮೆತ್ತುವುದಿಲ್ಲ, ಚೈನು ಕಳಚಿ ಬೀಳುವುದಿಲ್ಲ ಎಂಬುದು ಅದರ ಆಕರ್ಷಣೆ. ಆದರೆ ಹಲ್ಲುಗಳನ್ನು ಬಹಳ ನಿಖರವಾಗಿ ಕೊರೆಯಬೇಕು, ಫ್ರೇಮು ಕೊಂಚ ಬಾಗಿದರೂ ಹಲ್ಲಿಗೆ ಹಲ್ಲು ಕೂಡದು, ಪಂಕ್ಚರ್ ಆದರೆ ಹಿಂಚಕ್ರ ಬಿಚ್ಚುವುದೇ ದೊಡ್ಡ ಕೆಲಸ. ಹಾಗಾಗಿ ಅದು ಹೆಚ್ಚು ಕಾಲ ಬಾಳಲಿಲ್ಲ. ನೂರಿಪ್ಪತ್ತು ವರ್ಷಗಳ ಮೇಲೆ, 2018ರ ಯೂರೋಬೈಕ್ ಮೇಳದಲ್ಲಿ, ಡೆನ್ಮಾರ್ಕಿನ ಸೆರಾಮಿಕ್‌ಸ್ಪೀಡ್ ಕಂಪನಿ ಕೊಲರಾಡೊ ವಿಶ್ವವಿದ್ಯಾಲಯದವರ ಜೊತೆಗೂಡಿ ಅದೇ ದಂಡಕ್ಕೆ ಮರುಜನ್ಮ ಕೊಟ್ಟಿತು. ಹಲ್ಲಿನ ಜಾಗದಲ್ಲಿ ಪುಟ್ಟ ಬೇರಿಂಗುಗಳು, ಹಿಂದೆ 13 ಸುತ್ತುಗಳ ಚಪ್ಪಟೆ ತಟ್ಟೆ, ಶೇ. 99ರಷ್ಟು ದಕ್ಷತೆ ಎಂಬ ಹೇಳಿಕೆ. ಚೈನೇನೂ ಕಡಿಮೆಯದಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. 1999ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಅವರ ತಂಡ ಅಳೆದು ನೋಡಿದಾಗ, ಎಲ್ಲ ಹದವಾಗಿದ್ದರೆ ಅದು ತುಳಿತದ ಶೇ. 98.6ರಷ್ಟನ್ನು ಚಕ್ರಕ್ಕೆ ಮುಟ್ಟಿಸುತ್ತಿತ್ತು. ಮಿಕ್ಕ ಒಂದೂವರೆ ಪಾಲಿಗಾಗಿ ಇಷ್ಟು ಪಾಡು ಪಡುವವರನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು. ಈ ನಡುವೆ ರಬ್ಬರಿನಂಥ ಬೆಲ್ಟು ಬಂದಿದೆ. ಪೆಡಲಿನ ಬುಡದಲ್ಲೇ 18 ಗೇರುಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡುವ ಜರ್ಮನಿಯ ಪಿನಿಯನ್ ಗೇರ್‌ಬಾಕ್ಸ್ ಬಂದಿದೆ. ಇವು ಒಳ್ಳೆಯ ಯಂತ್ರಗಳು. ತತ್ತ್ವವಿಚಾರಕ್ಕೆ ಎಡೆಕೊಡುವಂಥದ್ದು ಮಾತ್ರ ಇವುಗಳಲ್ಲಿ ಏನೂ ಇಲ್ಲ, ಏಕೆಂದರೆ ಚೈನು, ದಂಡ, ಬೆಲ್ಟು ಮೂರೂ ಮಾಡುವುದು ಒಂದೇ ಕೆಲಸ. ಕಾಲು ತುಳಿದರೆ ಚಕ್ರ ತಿರುಗಲೇಬೇಕು. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ.

ಈ ಕಟ್ಟನ್ನೇ ಕಡಿದ ಯಂತ್ರ ಬೇರೆ ಇದೆ. ದಕ್ಷಿಣ ಕೊರಿಯಾದ ಮಾಂಡೊ ಕಂಪನಿ 2012ರಲ್ಲಿ ಫುಟ್‌ಲೂಸ್ ಎಂಬ ಸೈಕಲ್ಲನ್ನು ತೋರಿಸಿತು. 2021ರಲ್ಲಿ ಜರ್ಮನಿಯ ಶಾಫ್ಲರ್ ಮತ್ತು ಹೈನ್ಜ್‌ಮನ್ ಕಂಪನಿಗಳು ಫ್ರೀ ಡ್ರೈವ್ ಎಂಬ ವ್ಯವಸ್ಥೆಯನ್ನು ಮುಂದಿಟ್ಟವು. ಇವುಗಳಲ್ಲಿ ಪೆಡಲು ತಿರುಗಿಸುವುದು ಒಂದು ಜನರೇಟರನ್ನು. ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಯಲ್ಲಿ ಹರಿದು ಚಕ್ರದ ಮೋಟಾರನ್ನು ಓಡಿಸುತ್ತದೆ. ಹೆಚ್ಚಾದದ್ದು ಬ್ಯಾಟರಿಗೆ ಸೇರುತ್ತದೆ, ಸಾಲದಿದ್ದರೆ ಬ್ಯಾಟರಿಯಿಂದ ಬರುತ್ತದೆ. ಪೆಡಲಿಗೂ ಚಕ್ರಕ್ಕೂ ನಡುವೆ ಯಾಂತ್ರಿಕ ನಂಟೇ ಇಲ್ಲ. ಗೇರುಗಳೂ ಇಲ್ಲ, ಏರಿನಲ್ಲಿ ಹಗುರ, ಸಮತಟ್ಟಿನಲ್ಲಿ ಬಿಗಿ ಎಂಬ ಲೆಕ್ಕ ಸಾಫ್ಟ್‌ವೇರಿನೊಳಗಿನ ಒಂದು ಅಂಕಿಯಾಗಿ ಉಳಿದಿದೆ. ಸಾಂಪ್ರದಾಯಿಕ ಗೇರಿನ ಜಾಗವನ್ನು ಯಾವುದಾದರೂ ಪೂರ್ತಿ ಆಕ್ರಮಿಸುವುದಾದರೆ ಅದು ಇದೇ. ತುಳಿತ ಎಂಬ ಕರ್ಮ ಒಂದು ಕಡೆ, ಚಕ್ರದ ಉರುಳುವಿಕೆ ಎಂಬ ಫಲ ಇನ್ನೊಂದು ಕಡೆ, ಎರಡರ ನಡುವೆ ಒಂದು ಸಂಗ್ರಹ ಮತ್ತು ಆ ಸಂಗ್ರಹದಿಂದ ಹಂಚುವ ಒಂದು ನಿಯಮ. ಹಂಚಿಕೆಗೆ ಒಬ್ಬ ದಾತ ಬೇಕೇ, ಬೇಕಾದರೆ ಅವನು ಯಾವುದಕ್ಕೆ ಬದ್ಧ? ನಮ್ಮ ದರ್ಶನಗಳು ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆ ಇದು.

ಸೈಕಲ್ಲಿಗೂ ಬ್ರಹ್ಮಸೂತ್ರವೇ ಎಂದು ನಗುವವರು ನಗಲಿ. ಆ ಚರ್ಚೆಯ ಎಲುಬು ದೇವರ ಮಹಿಮೆಯಲ್ಲಿಲ್ಲ, ಒಂದು ಕಗ್ಗಂಟಿನಲ್ಲಿದೆ. ಯಾಗ ಇವತ್ತು ಮುಗಿದುಹೋಗುತ್ತದೆ, ಸ್ವರ್ಗ ಎಂದೋ ಸಿಗುತ್ತದೆ. ಅಳಿದುಹೋದ ಕ್ರಿಯೆ ಇನ್ನೂ ಹುಟ್ಟದ ಫಲವನ್ನು ಹೇಗೆ ಮುಟ್ಟುತ್ತದೆ? ಪೂರ್ವಮೀಮಾಂಸಕರ ಉತ್ತರ ಅಪೂರ್ವ: ಕರ್ಮದಿಂದ ಹುಟ್ಟಿ, ಕಣ್ಣಿಗೆ ಕಾಣದೆ ಉಳಿದು, ಸಮಯ ಬಂದಾಗ ತಾನಾಗಿ ಫಲ ಕೊಡುವ ಶಕ್ತಿ. ಇಲ್ಲಿ ಕೊಡುವವನೊಬ್ಬ ಬೇಕಿಲ್ಲ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದ ಕೊನೆಯಲ್ಲಿ ಸೂತ್ರಕಾರ ಬಾದರಾಯಣರು ಪೂರ್ವಮೀಮಾಂಸೆಯ ಜೈಮಿನಿಯ ಈ ಮತವನ್ನು ಹೆಸರು ಹಿಡಿದು ಹೇಳಿ, ಬಳಿಕ ಫಲ ಬರುವುದು ಈಶ್ವರನಿಂದಲೇ ಎಂಬ ತಮ್ಮ ನಿಲುವನ್ನು ಎತ್ತಿಹಿಡಿಯುತ್ತಾರೆ. ಶಂಕರರ ಭಾಷ್ಯದ ತರ್ಕ ಸರಳ: ಅಪೂರ್ವ ಜಡ, ಯಾರಿಗೆ, ಯಾವಾಗ, ಎಷ್ಟು ಎಂದು ಜಡಕ್ಕೆ ತಿಳಿಯದು. ನ್ಯಾಯದರ್ಶನದ ಉದಯನಾಚಾರ್ಯರೂ ಹೆಚ್ಚುಕಡಿಮೆ ಈ ದಾರಿಯಲ್ಲೇ ಅದೃಷ್ಟಕ್ಕೆ, ಅಂದರೆ ಕರ್ಮ ಉಳಿಸಿಹೋದ ಕಾಣದ ಶಕ್ತಿಗೆ, ಒಬ್ಬ ಚೇತನ ಮೇಲ್ವಿಚಾರಕ ಬೇಕೆಂದು ವಾದಿಸಿದರು. ಜನರೇಟರು ಕೂಡಿಟ್ಟ ವಿದ್ಯುತ್ತಿನ ಮುಂದೆ ನಿಂತರೆ ಈ ವಾದ ಪುಸ್ತಕದ ವಾದವಾಗಿ ಉಳಿಯುವುದಿಲ್ಲ. ಬ್ಯಾಟರಿ ತಾನಾಗಿ ಏನನ್ನೂ ಕೊಡದು. ಯಾವ ಏರಿನಲ್ಲಿ ಎಷ್ಟು ಬಿಡಬೇಕು ಎಂದು ನಿರ್ಧರಿಸುವ ಕಂಟ್ರೋಲರ್ ಇದ್ದೇ ತೀರಬೇಕು.

ಇಲ್ಲೊಂದು ಬಲವಾದ ಆಕ್ಷೇಪ ಏಳುತ್ತದೆ. ಶ್ರಮ ಮತ್ತು ಫಲದ ನಡುವೆ ಅಂತರ ತಂದದ್ದು ಈ ಹೊಸ ಯಂತ್ರವೇನೂ ಅಲ್ಲ. ಗೇರು ಆಗಲೇ ತಂದಿದೆ, ಬೆಟ್ಟವಂತೂ ಅನಾದಿಯಿಂದ ತಂದಿದೆ. ಗೇರಿನ ಮಾತನ್ನು ಬೇಗ ಮುಗಿಸಬಹುದು. ಅದು ಬಲವನ್ನು ದೂರಕ್ಕೆ, ದೂರವನ್ನು ಬಲಕ್ಕೆ ವಿನಿಮಯ ಮಾಡುತ್ತದೆ. ಎರಡರ ಗುಣಲಬ್ಧ ಘರ್ಷಣೆಯ ನಷ್ಟ ಬಿಟ್ಟರೆ ಅಷ್ಟೇ ಇರುತ್ತದೆ, ಏನನ್ನೂ ಕೂಡಿಡುವುದಿಲ್ಲ. ಬೆಟ್ಟದ ಮಾತು ಹಾಗಲ್ಲ. ಏರು ಹತ್ತುವಾಗ ತುಳಿದದ್ದು ಎತ್ತರವಾಗಿ ಉಳಿದು, ಅರ್ಧ ಗಂಟೆಯ ಮೇಲೆ ಇಳಿಜಾರಿನಲ್ಲಿ ವೇಗವಾಗಿ ಮರಳುತ್ತದೆ. ಕರ್ಮ ಮುಗಿದಿದೆ, ಫಲ ಆಮೇಲೆ ಬರುತ್ತದೆ, ನಡುವೆ ಕಾಣದ ಒಂದು ಸಂಗ್ರಹ. ಇದು ಅಪ್ಪಟ ಜೈಮಿನಿಯ ಮತ. ದಾತನಿಲ್ಲದೆಯೂ ಲೆಕ್ಕ ಸರಿಹೋಗುತ್ತದೆ. ಹಾಗಾದರೆ ಕಂಟ್ರೋಲರೂ ಒಂದು ನಿಯಮವೇ ತಾನೆ, ಬೆಟ್ಟದಂತೆ ಅದೂ ಜಡವೇ ತಾನೆ, ಅದನ್ನು ಈಶ್ವರನ ಜಾಗದಲ್ಲಿ ಕೂರಿಸುವುದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಪೂರ್ವಮೀಮಾಂಸಕರ ಬಳಿಯೇ ಇದೆ. ದಾತನನ್ನು ಬಿಟ್ಟುಕೊಡಲು ಅವರಿಗೆ ಧೈರ್ಯ ಬಂದದ್ದು ವೇದ ಅಪೌರುಷೇಯ ಎಂಬ ನಂಬಿಕೆಯಿಂದ. ಯಾರೂ ಬರೆಯದ ನಿಯಮದ ಹಿಂದೆ ಯಾರ ಲಾಭವೂ ಇರುವುದಿಲ್ಲ, ಮರೆವೂ ಇರುವುದಿಲ್ಲ, ಮೋಸವೂ ಇರುವುದಿಲ್ಲ. ಗುರುತ್ವಾಕರ್ಷಣೆ ಆ ಅರ್ಥದಲ್ಲಿ ಅಪೌರುಷೇಯ. ಮುಂದಿನ ತಿಂಗಳು ಅದರ ಹೊಸ ಆವೃತ್ತಿ ಬರುವುದಿಲ್ಲ. ಕಂಟ್ರೋಲರಿನ ನಿಯಮ ಪೂರ್ತಿ ಪೌರುಷೇಯ. ಒಬ್ಬ ಎಂಜಿನಿಯರು ಬರೆದದ್ದು, ಒಂದು ಕಂಪನಿ ಒಪ್ಪಿದ್ದು, ಮಾರಿದ ಮೇಲೂ ದೂರದಿಂದ ತಿದ್ದಲು ಬರುವಂಥದ್ದು. ಬರೆದವರ ಉದ್ದೇಶ ಅದರೊಳಗಿದೆ. ಆದ್ದರಿಂದ ಅದನ್ನು ಜೈಮಿನಿಯ ಅಳತೆಗೋಲಿನಿಂದ ಅಳೆಯಲಾಗದು, ಬಾದರಾಯಣರ ಅಳತೆಗೋಲೇ ಬೇಕು.

ಆ ಅಳತೆಗೋಲು ಬ್ರಹ್ಮಸೂತ್ರದಲ್ಲೇ ಸಿಗುತ್ತದೆ, ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ ಎಂಬುದು ಅಲ್ಲಿಯ ಪ್ರಶ್ನೆ. ಅಲ್ಲ, ಅವನು ಸಾಪೇಕ್ಷ, ಜೀವಿಗಳ ಕರ್ಮವನ್ನು ನೋಡಿಯೇ ಕೊಡುತ್ತಾನೆ ಎಂಬುದು ಉತ್ತರ. ಶಂಕರರು ಇದಕ್ಕೆ ಮಳೆಯನ್ನು ಹೋಲಿಸುತ್ತಾರೆ: ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗಿ ಜವೆ ಜವೆಯಾಗಿ ಬೆಳೆಯುವುದು ಬೀಜದ ಗುಣದಿಂದ. ದಾತನಿಗೆ ಮಾನ್ಯತೆ ಸಿಕ್ಕಿದ್ದು ಈ ಷರತ್ತಿನ ಮೇಲೆ ಎಂಬುದನ್ನು ಗಮನಿಸಬೇಕು. ಕರ್ಮವನ್ನು ಲೆಕ್ಕಿಸದೆ ಕೊಡುವವನನ್ನು ವೇದಾಂತವೂ ಒಪ್ಪುತ್ತಿರಲಿಲ್ಲ. ಹೊಸ ಸೈಕಲ್ಲಿಗೂ ಇದೇ ಷರತ್ತು ಹಾಕಿದರೆ ಸಾಕಲ್ಲವೇ, ತುಳಿದಷ್ಟಕ್ಕೆ ತಕ್ಕಂತೆ ಚಕ್ರ ತಿರುಗಿದರೆ ಆಯಿತಲ್ಲವೇ? ಸಾಲದು. ಚೈನಿನ ಸೈಕಲ್ಲಿನಲ್ಲಿ ಕಾಲಿಗೆ ಸಿಗುವ ತಡೆ ರಸ್ತೆಯಿಂದ ಬರುತ್ತದೆ: ಏರು, ಎದುರುಗಾಳಿ, ಮರಳು, ಗಾಳಿ ಇಳಿದ ಟೈರು. ಜನರೇಟರಿನ ಸೈಕಲ್ಲಿನಲ್ಲಿ ಆ ತಡೆಯನ್ನು ಉಂಟುಮಾಡುವುದೂ ಕಂಟ್ರೋಲರೇ. ಅದು ಹೊರೆ ಹಾಕದಿದ್ದರೆ ಪೆಡಲು ಬರಿದೆ ಗಿರಗಿರನೆ ಸುತ್ತುತ್ತದೆ. ಎಷ್ಟು ಜೋರಾಗಿ ಕಾಲಾಡಿಸಿದರೂ ಮಾಡಿದ ಕೆಲಸ ಸೊನ್ನೆ. ಅಂದರೆ ದಾತನ ಕೈಯಲ್ಲಿರುವುದು ಫಲವಷ್ಟೇ ಅಲ್ಲ, ಕರ್ಮ ಮಾಡುವ ಅವಕಾಶವೂ ಅವನು ಕೊಟ್ಟರೆ ಉಂಟು.

ಇಷ್ಟು ದೂರ ಹೋದದ್ದು ನಮ್ಮ ಉಡುಪಿಯ ಮಧ್ವಾಚಾರ್ಯರು. ಅವರ ಮತದಲ್ಲಿ ಸ್ವತಂತ್ರನಾದವನು ವಿಷ್ಣು ಒಬ್ಬನೇ, ಮಿಕ್ಕದ್ದೆಲ್ಲ ಪರತಂತ್ರ. ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎಂದರೆ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ, ಏಕೆಂದರೆ ಆ ಕರ್ಮದ ಇರವೂ ಅವನ ಅಧೀನ. ತರ್ಕ ಕಟ್ಟುನಿಟ್ಟಾಗಿದೆ. ಆದರೆ ಮಧ್ವರು ಇದನ್ನು ಹೇಳಬಲ್ಲರು, ಯಾಕೆಂದರೆ ಅವರ ದಾತ ಸರ್ವಜ್ಞ, ನಿರ್ದೋಷ, ಯಾವುದರ ಕೊರತೆಯೂ ಇಲ್ಲದವನು. ಎಲ್ಲವನ್ನೂ ಒಬ್ಬನ ಕೈಗಿಡಬೇಕಾದರೆ ಆ ಕೈ ಅಂಥದ್ದಾಗಿರಬೇಕು. ಬ್ಯಾಟರಿ, ಸಾಫ್ಟ್‌ವೇರು, ಬಿಡಿಭಾಗ ಮೂರನ್ನೂ ತಾನೇ ಮಾರಿ ಲಾಭ ಗಳಿಸಬೇಕಾದ ಕಂಪನಿಗೆ, ಅದು ಎಷ್ಟೇ ಪ್ರಾಮಾಣಿಕವಾಗಿರಲಿ, ಈ ಲಕ್ಷಣಗಳು ಇರಲಾರವು. ಮುಳುಗಿಹೋಗುವ ಸಾಧ್ಯತೆಯಂತೂ ಇದ್ದೇ ಇದೆ; ದೇವತಾಶಾಸ್ತ್ರಜ್ಞರು ಎಂದೂ ಎದುರಿಸಬೇಕಾಗಿ ಬರದ ತೊಡಕು ಇದು.

ಫಲದ ಲೆಕ್ಕ ಇಷ್ಟೇಕೆ, ಫಲದ ಆಸೆ ಬಿಡು ಎಂದು ಗೀತೆಯೇ ಹೇಳಿಲ್ಲವೇ ಎಂದು ಯಾರಾದರೂ ಕೇಳಿಯಾರು. ಆ ಉಪದೇಶ ಇರುವುದು ಮಾಡುವವನಿಗೆ. ಕೊಡಬೇಕಾದವನು ಅದನ್ನು ತನಗೆ ಸಿಕ್ಕ ವಿನಾಯಿತಿ ಎಂದುಕೊಂಡರೆ ನಿಷ್ಕಾಮಕರ್ಮ ಬಿಟ್ಟಿಚಾಕರಿಯಾಗುತ್ತದೆ. ಇದಕ್ಕಿಂತ ಭಾರವಾದ ಆಕ್ಷೇಪ ಕರುಣೆಯದು. ಮಂಡಿ ಸವೆದವರಿಗೆ, ಉಬ್ಬಸದವರಿಗೆ, ಏರಿನ ಊರಿನಲ್ಲಿ ನೂರು ಕಿಲೊ ಹೊರೆ ಸಾಗಿಸುವವರಿಗೆ ರಸ್ತೆಯ ಕಠೋರ ನ್ಯಾಯ ನ್ಯಾಯವೇ ಅಲ್ಲ. ಒಂದೇ ಹದದಲ್ಲಿ ತುಳಿಯಲು ಬಿಡುವ ಯಂತ್ರ ಅವರಿಗೆ ನಿಜವಾದ ಉಪಕಾರ. ಒಪ್ಪಬೇಕಾದ ಮಾತು. ಆದರೆ ಆ ಉಪಕಾರಕ್ಕಾಗಿ ಕಟ್ಟನ್ನು ಕಡಿಯಲೇಬೇಕೆಂದಿಲ್ಲ. ಈಗಿನ ಸಾಮಾನ್ಯ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಮೋಟಾರು ತುಳಿತಕ್ಕೆ ತನ್ನ ಪಾಲು ಸೇರಿಸುತ್ತದೆ, ಚೈನೋ ಬೆಲ್ಟೋ ಇದ್ದೇ ಇರುತ್ತದೆ. ಬ್ಯಾಟರಿ ಬರಿದಾದರೆ ಉಪಕಾರ ನಿಲ್ಲುತ್ತದೆ, ತುಳಿದವರ ಹಕ್ಕು ನಿಲ್ಲುವುದಿಲ್ಲ. ಗಾಡಿ ಭಾರವಾಗಿಯಾದರೂ ಮನೆ ಮುಟ್ಟುತ್ತದೆ. ಜನರೇಟರಿನ ಸೈಕಲ್ಲಿನಲ್ಲಿ ಕಂಟ್ರೋಲರು ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ನಷ್ಟದ ಲೆಕ್ಕವೂ ಅದರ ಪರವಾಗಿಲ್ಲ. ಜನರೇಟರು ನೂರಕ್ಕೆ ತೊಂಬತ್ತು, ಮೋಟಾರು ನೂರಕ್ಕೆ ತೊಂಬತ್ತು ಉಳಿಸುತ್ತವೆ ಎಂದಿಟ್ಟುಕೊಂಡರೂ ಚಕ್ರಕ್ಕೆ ಮುಟ್ಟುವುದು ಎಂಬತ್ತೊಂದು. ಬ್ಯಾಟರಿಯ ಮೂಲಕ ಸುತ್ತಿಬಂದರೆ ಇನ್ನೂ ಕಡಿಮೆ. ಬ್ರೇಕ್ ಹಿಡಿದಾಗ ಮರಳಿ ಸಿಗುವ ಅಲ್ಪಸ್ವಲ್ಪ ಈ ಕಂದಕವನ್ನು ತುಂಬಲಾರದು. ತುಳಿಯುವವರಿಗೆ ಇದು ಗೊತ್ತಾಗುವುದೂ ಇಲ್ಲ, ಮೋಟಾರಿನ ಸೊಕ್ಕಿನಲ್ಲಿ ಕೊರತೆ ಮರೆಯಾಗುತ್ತದೆ.

ಹಾಗೆಂದು ಈ ಯಂತ್ರಕ್ಕೆ ಜಾಗವೇ ಇಲ್ಲ ಎನ್ನಲಾಗದು. ಮೂರು, ನಾಲ್ಕು ಚಕ್ರದ ಸರಕಿನ ಸೈಕಲ್ಲುಗಳಲ್ಲಿ ಚೈನು ಉದ್ದವಾಗಿ ಅಂಕುಡೊಂಕಾಗಿ ಓಡಬೇಕು, ಬೇಗ ಸವೆಯುತ್ತದೆ. ತಂತಿಯಾದರೆ ಎಲ್ಲಿ ಬೇಕಾದರೂ ಹಾಯುತ್ತದೆ. ಅಲ್ಲಿ ಹೊರೆ ಎಳೆಯುವುದು ಬಹುಪಾಲು ಬ್ಯಾಟರಿಯೇ, ಮನುಷ್ಯನ ಪಾಲು ಸಣ್ಣದು. ಫ್ರೀ ಡ್ರೈವಿನ ತಯಾರಕರು ಮೊದಲು ಕಣ್ಣಿಟ್ಟದ್ದೂ ಇಂಥ ಗಾಡಿಗಳ ಮೇಲೆ. ಕಾನೂನು ಮಾತ್ರ ಇನ್ನೂ ಚೈನಿನ ಕಾಲದಲ್ಲಿದೆ. ಐರೋಪ್ಯ ಒಕ್ಕೂಟದ 2013ರ 168ನೇ ನಿಯಮಾವಳಿ ಪೆಡಲಿಗೆ ನೆರವಾಗುವ ಸೈಕಲ್ಲನ್ನು ಮೋಟಾರು ವಾಹನಗಳ ಸಾಲಿನಿಂದ ಹೊರಗಿಡಲು ಕೇಳುವುದು ಇಷ್ಟು: ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರಬಾರದು, ಗಂಟೆಗೆ 25 ಕಿಲೊಮೀಟರ್ ಮುಟ್ಟುವ ಮೊದಲೇ ನೆರವು ನಿಲ್ಲಬೇಕು, ತುಳಿತ ನಿಂತರೆ ಮೋಟಾರೂ ನಿಲ್ಲಬೇಕು. ತುಳಿಯುತ್ತಿದ್ದರೆ ಚಕ್ರ ತಿರುಗಬೇಕು ಎಂಬ ಷರತ್ತು ಆ ಸಾಲಿನಲ್ಲಿಲ್ಲ. ಚೈನು ಇರುವ ತನಕ ಅದನ್ನು ಬರೆಯುವ ಅಗತ್ಯ ಯಾರಿಗೂ ಕಂಡಿರಲಾರದು. ಈಗ ಬರೆಯಬೇಕು. ತುಳಿತಕ್ಕೂ ಚಕ್ರದ ತಿರುಗುವಿಕೆಗೂ ನಡುವೆ ಇರುವ ನಿಯಮವನ್ನು ತಯಾರಕರು ಬಹಿರಂಗಪಡಿಸಬೇಕು, ಕೊಂಡವರ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸಬಾರದು, ಕಂಪನಿ ಮುಚ್ಚಿದರೂ ಬೀದಿಯ ಸೈಕಲ್ ಶಾಪಿನವರು ಅದನ್ನು ಓದಿ ರಿಪೇರಿ ಮಾಡುವಂತಿರಬೇಕು. ಅಲ್ಲಿಯ ತನಕ ಸರಕಿನ ಗಾಡಿಗಳಿಗೆ ಜನರೇಟರು ಇರಲಿ. ದಿನದ ಓಡಾಟದ ಎರಡು ಚಕ್ರಕ್ಕೆ ಚೈನು ಬೇಡವಾದವರು ಬೆಲ್ಟನ್ನೂ ಗೇರ್‌ಬಾಕ್ಸನ್ನೂ ಕೊಳ್ಳುವುದು ಲೇಸು.