ಸಾಲದ ಮೊತ್ತ ಎಷ್ಟು?

ಕಳೆದ ಶನಿವಾರ ರಾತ್ರಿ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ನೋಡಿದೆ. 1957ರ ಸೋವಿಯತ್ ಸಿನಿಮಾ, ಕಪ್ಪು-ಬಿಳುಪು. ಪ್ರೀತಿಸಿದ ಹುಡುಗ ಬೋರಿಸ್ ಯುದ್ಧಕ್ಕೆ ಹೋಗ್ತಾನೆ, ಆಮೇಲೆ ಸುದ್ದಿಯೇ ಇಲ್ಲ. ವೆರೋನಿಕಾ ಅವನ ಸೋದರಸಂಬಂಧಿಯನ್ನೇ ಮದುವೆಯಾಗಿಬಿಡ್ತಾಳೆ. ಯುದ್ಧ ಮುಗಿದ ಮೇಲೆ ಹೂ ಹಿಡ್ಕೊಂಡು ಸ್ಟೇಷನ್ನಿಗೆ ಓಡ್ತಾಳೆ. ಬೋರಿಸ್ ಇನ್ನಿಲ್ಲ ಅಂತ ಅಲ್ಲಿ ಖಚಿತವಾಗುತ್ತೆ. ಆ ಹೂಗಳನ್ನ ಗುರುತಿಲ್ಲದವರಿಗೆ ಹಂಚುತ್ತಾ ನಡೀತಾಳೆ. ಎರಡು ದಿನ ಆ ಮುಖ ತಲೆಯಿಂದ ಹೋಗ್ಲಿಲ್ಲ.

ಆ ನಟಿ ತತಿಯಾನಾ ಸಮೋಯ್ಲೊವಾ. 1958ರಲ್ಲಿ ಚಿತ್ರಕ್ಕೆ ಕಾನ್ ಉತ್ಸವದ ‘ಪಾಮ್ ದೋರ್’ ಬಂದಾಗ ಆಕೆಗೆ 24. ಹೊರದೇಶಗಳಿಂದ ಕರೆ ಬಂತು. ಸೋವಿಯತ್ ಅಧಿಕಾರಿಗಳು ಬಿಡಲಿಲ್ಲ. 1967ರಲ್ಲಿ ‘ಅನ್ನಾ ಕರೇನಿನಾ’ ಆದರು. ಆಮೇಲೆ ದೊಡ್ಡ ಪಾತ್ರಗಳು ಸಿಕ್ಕಿದ್ದೇ ಅಪರೂಪ. 2014ರಲ್ಲಿ ತೀರಿಕೊಂಡಾಗ 80.

ಬಿಡಬೇಕಿತ್ತು ಅಂತ ಹೇಳೋದು ಸುಲಭ, ನಾನೂ ಹೇಳ್ತೀನಿ. ಆದರೆ ಎದುರು ವಾದವನ್ನ ಪೂರ್ತಿ ತಳ್ಳಿಹಾಕೋಕೆ ಆಗ್ತಿಲ್ಲ. ಆಕೆ ಕಲಿತ ನಾಟಕಶಾಲೆ ಸರ್ಕಾರದ್ದು, ಮಾಸ್‌ಫಿಲ್ಮ್ ಸ್ಟುಡಿಯೋ ಸರ್ಕಾರದ್ದು. ಕಲಾತೊಜೊವ್ ನಿರ್ದೇಶನ, ಆ ಮುಖದ ಬೆನ್ನು ಬಿಡದ ಉರುಸೆವ್‌ಸ್ಕಿಯ ಕ್ಯಾಮೆರಾ, ಎಲ್ಲಕ್ಕೂ ದುಡ್ಡು ಹಾಕಿದ್ದು ಯುದ್ಧದಿಂದ ಆಗಷ್ಟೇ ಎದ್ದು ನಿಂತಿದ್ದ ದೇಶ. ಬೆಳೆಸಿದವರಿಗೆ ಹಕ್ಕೇ ಇಲ್ವಾ?

ನನ್ನ ಮೊದಲ ಕೆಲಸಕ್ಕೆ ಎರಡು ವರ್ಷದ ಬಾಂಡ್ ಇತ್ತು. ಹದಿನಾಲ್ಕು ತಿಂಗಳಿಗೇ ಬಿಟ್ಟೆ. ಟ್ರೈನಿಂಗ್ ಖರ್ಚು ಅಂತ ಐವತ್ತು ಸಾವಿರ ಕಟ್ಟಿಸ್ಕೊಂಡರು. ಆಗ ಮೈಯೆಲ್ಲ ಉರಿದಿತ್ತು. ಈಗ ಅನ್ಸುತ್ತೆ, ನನ್ನ ಸಾಲಕ್ಕೆ ಒಂದು ಅಂಕಿ ಇತ್ತು, ಕಟ್ಟಿದೆ, ಹೊರಬಂದೆ. ಸಮೋಯ್ಲೊವಾಗೆ ಆ ಅಂಕಿಯನ್ನೇ ಯಾರೂ ಹೇಳಲಿಲ್ಲ. ಕಾನ್‌ನಿಂದ ತಂದ ಗೌರವ ಸಾಲದಿದ್ದರೆ ಇನ್ನೇನು ಸಾಕಾಗ್ತಿತ್ತು? ಮೊತ್ತ ಹೇಳದ ಸಾಲ ನನ್ನ ಪ್ರಕಾರ ಸಾಲವೇ ಅಲ್ಲ, ಜೀತ. ಪಾಲನೆಯ ಹೆಸರಲ್ಲಿ ಕೇಳಿದರೂ ಅಷ್ಟೇ.

ಇಷ್ಟು ಬರೆದ ಮೇಲೆ ಸ್ವಲ್ಪ ಅಳುಕು. ಅಪ್ಪ ಎರಡು ಎಕರೆ ಅಡವಿಟ್ಟು ನನ್ನ ಬಿಇ ಮುಗಿಸಿದ್ದು. ಬ್ಯಾಂಕಿನ ಸಾಲ ತೀರಿಸಿ ಆರು ವರ್ಷ ಆಯ್ತು. ಬರ್ಲಿನ್‌ನಿಂದ ಬಂದಿರೋ ಆಫರ್ ಲೆಟರ್‌ಗೆ ಶುಕ್ರವಾರದೊಳಗೆ ಉತ್ತರ ಕೊಡಬೇಕು. ನಿನ್ನೆ ಫೋನ್ ಮಾಡಿ ಹೇಳಿದೆ. ಅಪ್ಪ ಬೇಡ ಅನ್ನಲಿಲ್ಲ. “ಅಲ್ಲಿ ಚಳಿ ಜಾಸ್ತಿನೇನೋ?” ಅಂತ ಕೇಳಿ, ಫೋನನ್ನ ಅಮ್ಮನ ಕೈಗೆ ಕೊಟ್ಟರು.